ಗುಲಾಬಿ ಬಣ್ಣದ ಜೇನು

"ಅಲ್ಲೇ ನಿಲ್ಲಿ! ಒಂಚೂರೂ ಅಲುಗಾಡಬೇಡಿ!"

ಕೈಯಲ್ಲಿ ಸೌಟು ಹಿಡಿದು, ಜಗಳ ಆಡಲೆಂದೇ ಮೂರು ಮಹಡಿ ಹತ್ತಿ ಬಂದವಳು ತಾರಸಿಯ ಬಾಗಿಲಲ್ಲೇ ಗಕ್ಕನೆ ನಿಂತುಬಿಟ್ಟಳು.

ಎದುರಿಗೆ ಸಾಲಾಗಿ ಹನ್ನೆರಡು ಮರದ ಪೆಟ್ಟಿಗೆಗಳು. ಅವುಗಳ ನಡುವೆ ಬಲೆ ಇಳಿಬಿಟ್ಟ ಟೋಪಿ ಹಾಕಿಕೊಂಡು, ಹೊಗೆ ಉಗುಳುವ ಡಬ್ಬಿ ಹಿಡಿದ ಒಬ್ಬ ಯುವಕ. ಅವನು ಡಬ್ಬಿಯನ್ನು ಕೆಳಗಿಟ್ಟು ಮೆಲ್ಲಗೆ ಅವಳತ್ತ ಬಂದ. ತೀರಾ ಹತ್ತಿರಕ್ಕೆ... ಅವಳ ಕಿವಿಯ ಪಕ್ಕ, ಜಡೆಯಿಂದ ಬಿಡಿಸಿಕೊಂಡ ಕೂದಲಲ್ಲಿ ಒಂದು ಜೇನುಹುಳು ಸಿಕ್ಕಿಕೊಂಡು ಗುಂಯ್‌ಗುಡುತ್ತಿತ್ತು.

"ಪಾಪ, ತುಂಬಾ ಹೆದರಿಬಿಟ್ಟಿದೆ," ಎಂದು ಅವನು ಬೆರಳು ಚಾಚಿದ.

"ನನಗೇನು ಹೆದರಿಕೆ ಇಲ್ಲ ಅಂತ ಅಂದ್ಕೊಂಡ್ರಾ? ಬೇಗ ತೆಗೀರಿ!"

ಅವನು ಕೂದಲ ಎಳೆಯನ್ನು ಎಷ್ಟು ನಯವಾಗಿ ಸರಿಸಿದನೆಂದರೆ, ಬೆರಳು ತಾಗಿದ್ದೇ ಅವಳಿಗೆ ತಿಳಿಯಲಿಲ್ಲ. ತಿಳಿದದ್ದು ತನ್ನ ಎದೆ ಡವಡವ ಹೊಡೆದುಕೊಂಡದ್ದು ಮಾತ್ರ. 'ಇದೇನಿದು... ಜಗಳ ಆಡೋಕೆ ಬಂದವಳು ನಾನು!'

ಹುಳು ಹಾರಿಹೋಯಿತು. ಅವಳಿಗೆ ಮಾತು ವಾಪಸ್ ಬಂತು.

"ನೋಡಿ ಹೊಗೆರಾಯರೇ! ಪಕ್ಕದ ಮಿಠಾಯಿ ಅಂಗಡಿ ನಮ್ಮದು. ಬೆಳಿಗ್ಗೆಯಿಂದ ನಿಮ್ಮ ಹುಳುಗಳು ನನ್ನ ಪಾಕದ ಬಾಣಲೆಗೆ ಬಂದು ಬಂದು ಬೀಳ್ತಿವೆ. ಒಂದಲ್ಲ ಎರಡಲ್ಲ, ನಲವತ್ತು! ಅಷ್ಟೂ ಪಾಕ ಚೆಲ್ಲಿದೆ. ಹಬ್ಬಕ್ಕೆ ಇರೋದು ಎರಡೇ ತಿಂಗಳು. ಈ ಪೆಟ್ಟಿಗೆಗಳನ್ನ ನೀವು ಎತ್ತುತ್ತೀರೋ, ನಾನೇ ಎತ್ತಿಸಲೋ?"

ಅವನು ಟೋಪಿ ತೆಗೆದ. ಮುಖ ಬಾಡಿತ್ತು.

"ನಲವತ್ತೂ ಸತ್ತುಹೋದವಾ?"

ಅವನು ಅದನ್ನು ಕೇಳಿದ ರೀತಿಗೆ ಅವಳ ಸೌಟು ತಾನಾಗಿ ಕೆಳಗಿಳಿಯಿತು.

ಅವಳನ್ನು ಮನೆಯಲ್ಲೂ ಬೀದಿಯಲ್ಲೂ ಎಲ್ಲರೂ ಕರೆಯುವುದು 'ಮೆಣಸಿನಕಾಯಿ' ಎಂದು. ಮಿಠಾಯಿ ಅಂಗಡಿಯಲ್ಲಿ ಹುಟ್ಟಿ, ಹದಿನಾರಕ್ಕೇ ಪಾಕದ ಬಾಣಲೆ ಹಿಡಿದ ಹುಡುಗಿಗೆ ಈ ಹೆಸರು ಯಾಕೆ ಬಂತೆಂದು, ಅವಳ ಬಾಯಿಗೆ ಒಮ್ಮೆ ಸಿಕ್ಕವರು ಯಾರೂ ಕೇಳುವುದಿಲ್ಲ. ಅಂಥವಳು ಆ ದಿನ ಜಗಳವನ್ನು ಅರ್ಧಕ್ಕೇ ಬಿಟ್ಟು ಇಳಿದು ಬಂದಳು!

ಮರುದಿನ ಅವನೇ ಅಂಗಡಿಯ ಹಿಂಬಾಗಿಲಿಗೆ ಬಂದ. ಹೆಗಲ ಮೇಲೆ ಸಣ್ಣ ಕಣ್ಣಿನ ಬಲೆಯ ಸುರುಳಿ. ಕಿಟಕಿಗಳಿಗೆಲ್ಲ ತಾನೇ ಮೊಳೆ ಹೊಡೆದು ಬಿಗಿದ.

"ತಾರಸಿಯಲ್ಲಿ ನೀರಿನ ತಟ್ಟೆನೂ ಇಟ್ಟಿದೀನಿ. ಒಳಗೆ ಒಣ ಕಡ್ಡಿಗಳನ್ನ ತೇಲಿಬಿಟ್ಟಿದೀನಿ. ಕಡ್ಡಿ ಮೇಲೆ ಕೂತು ಕುಡೀತವೆ, ಮುಳುಗಲ್ಲ."

"ಅಬ್ಬಾ, ಹುಳುಗಳಿಗೂ ಕುರ್ಚಿ!" ಎಂದು ಅವಳು ನಕ್ಕಳು. ನಗುತ್ತಲೇ ಬಾಣಲೆಯಿಂದ ಒಂದು ಹನಿ ಪಾಕ ತೆಗೆದು, ಹೆಬ್ಬೆರಳು ತೋರುಬೆರಳ ನಡುವೆ ಒತ್ತಿ ಬಿಡಿಸಿದಳು. ನೂಲಿನಂಥ ಒಂದು ಎಳೆ ನಿಂತಿತು.

ಅವನು ಕಣ್ಣರಳಿಸಿ ನೋಡಿದ. "ಏನಿದು?"

"ಒಂದೆಳೆ ಪಾಕ. ನೀರು ಎಷ್ಟು ಹೋಗಿದೆ ಅಂತ ಬೆರಳೇ ಹೇಳುತ್ತೆ."

"ನನ್ನ ಹುಳುಗಳೂ ಇದನ್ನೇ ಮಾಡ್ತವೆ, ಗೊತ್ತಾ?"

ಆಮೇಲೆ ಅವನು ಹೇಳಿದ್ದನ್ನು ಅವಳು ಸೌಟು ಆಡಿಸುವುದನ್ನೂ ಮರೆತು ಕೇಳಿದಳು. ಹೂವಿನಿಂದ ಹುಳು ತರುವುದು ಬರೀ ನೀರುನೀರಾದ ರಸವಂತೆ. ಹೊಟ್ಟೆಯೊಳಗಿನ ಪುಟ್ಟ ಚೀಲದಲ್ಲಿ ತುಂಬಿಕೊಂಡು ಬರುತ್ತದಂತೆ. ಗೂಡಿನಲ್ಲಿ ಕಾಯುತ್ತಿರುವ ಇನ್ನೊಂದು ಹುಳು ಅದನ್ನು ಬಾಯಿಂದ ಬಾಯಿಗೆ ಪಡೆದು, ಮತ್ತೊಂದಕ್ಕೆ ಕೊಟ್ಟು, ಹಾಗೆ ಎಷ್ಟೋ ಬಾಯಿ ದಾಟಿ ಮೇಣದ ಕೋಣೆಗೆ ಸೇರುತ್ತದಂತೆ. ಆಮೇಲೆ ಎಲ್ಲವೂ ಸೇರಿ ರೆಕ್ಕೆ ಬೀಸಿ ಬೀಸಿ ನೀರನ್ನು ಆರಿಸುತ್ತವಂತೆ. ಹದಕ್ಕೆ ಬಂತೆಂದರೆ ಮೇಲೆ ಮೇಣದ ಮುಚ್ಚಳ!

"ಬೆಂಕಿ ಇಲ್ದೇನೇ ಪಾಕ!" ಅವಳಿಗೆ ಆಶ್ಚರ್ಯ ತಡೆಯಲಾಗಲಿಲ್ಲ. "ಒಂದು ಹುಳು ಎಷ್ಟು ಮಾಡುತ್ತೆ?"

"ಬದುಕಿಡೀ ದುಡಿದ್ರೂ ಒಂದು ಚಮಚದ ತಳ ಮುಚ್ಚಲ್ಲ."

ಅವಳಿಗೆ ಆ ನಲವತ್ತು ಹುಳುಗಳು ನೆನಪಾದವು. ಕಣ್ಣು ತುಂಬಿ ಬಂತು. ಹೊಗೆಯ ನೆಪ ಹೇಳಿ ಸೆರಗಿನಿಂದ ಒರೆಸಿಕೊಂಡಳು. ಒಲೆ ಗ್ಯಾಸಿನದು, ಅಲ್ಲಿ ಹೊಗೆ ಎಲ್ಲಿಂದ ಬರಬೇಕು? ಅವನು ನೋಡಿಯೂ ನೋಡದವನಂತೆ ಬಲೆ ಬಿಗಿದ.

ದಿನಗಳು ಓಡಿದವು. ಸಂಜೆಯ ಕಾಫಿಗೆ ಅವನು ಹಿಂಬಾಗಿಲಿಗೆ ಬರುವುದು ರೂಢಿಯಾಯಿತು. ಅಮ್ಮ ಅವನ ಲೋಟವನ್ನು ಬೇರೆಯೇ ಎತ್ತಿಡತೊಡಗಿದಳು. ಅಜ್ಜಿಗಂತೂ ಅವನೆಂದರೆ ಪ್ರಾಣ. ಗಲ್ಲಾದ ಮೇಲೆ ಕೂರುವ ಸೋದರಮಾವ ಮಾತ್ರ ಅವನನ್ನು ಕಂಡರೆ ಮುಖ ಗಂಟಿಕ್ಕುತ್ತಿದ್ದ.

"ಹಬ್ಬಕ್ಕೆ ಒಂದು ಬಾಟಲಿ ಜೇನು ಬೇಕಪ್ಪ," ಎಂದಳು ಅಜ್ಜಿ ಒಂದು ಸಂಜೆ. "ನಮ್ಮನೇಲಿ ಹಬ್ಬದ ದಿನ ದೇವರಿಗೆ ದೀಪ ಹಚ್ಚಿ, ಜೇನು ನೈವೇದ್ಯ ಮಾಡಿ, ಎಲ್ಲರ ಅಂಗೈಗೂ ಒಂದೊಂದು ಚಮಚ ಹಾಕ್ತೀನಿ. ಆಮೇಲೇ ಮಿಕ್ಕಿದ್ದೆಲ್ಲ."

"ಅಷ್ಟೇ ಅಲ್ಲ," ಎಂದು ಮೆಣಸಿನಕಾಯಿ ನಡುವೆ ಬಾಯಿ ಹಾಕಿದಳು. "ಜೇನು ನಾಲಿಗೆ ಮೇಲಿರುವಾಗ್ಲೇ ಎಲ್ಲರೂ ಬಚ್ಚಿಟ್ಟಿದ್ದ ಒಂದು ನಿಜ ಹೇಳ್ಬೇಕು. ಹೇಳಿದವರನ್ನ ಯಾರೂ ಬೈಯೋ ಹಾಗಿಲ್ಲ. ಅಜ್ಜಿಯ ಕಾನೂನು!"

"ಎಲ್ಲರೂ ಹೇಳ್ತಾರಾ?"

"ಹೋದ ವರ್ಷ ದೊಡ್ಡಪ್ಪ, ಹನ್ನೊಂದು ವರ್ಷದಿಂದ ತಲೆಗೆ ಬಣ್ಣ ಹಾಕ್ತಿದೀನಿ ಅಂತ ಒಪ್ಪಿಕೊಂಡ್ರು!"

ಅವನು ನಕ್ಕ. ಆಮೇಲೆ ಅಜ್ಜಿಯ ಕಡೆ ತಿರುಗಿ ಹೇಳಿದ. "ಜೇನು ನಾನೇ ತಂದುಕೊಡ್ತೀನಿ ಅಜ್ಜಿ. ಆಗ ನಿಮ್ಮ ಹತ್ರ ಒಂದು ಮಾತೂ ಕೇಳೋದಿದೆ."

ಅದನ್ನು ಹೇಳುವಾಗ ಅವನ ಕಣ್ಣು ಒಂದೇ ಒಂದು ಗಳಿಗೆ ಮೆಣಸಿನಕಾಯಿಯ ಮೇಲೆ ನಿಂತಿತು. ಅವಳ ಪಾಕ ಅಂದು ಎರಡೆಳೆಗೆ ಏರಿ ಹಾಳಾಯಿತು. ಮಾವ ಕೂಗಾಡಿದ. ಅವಳ ಕಿವಿಗೆ ಒಂದೂ ಬೀಳಲಿಲ್ಲ.

ಮರುವಾರ ಮೋಡ ಕವಿಯಿತು. ಬಿಸಿಲೇ ಇಲ್ಲ. ಅವಳು ತನ್ನ ಮನೆಯ ಹಿಂದಿನ ಮಾಳಿಗೆಯಿಂದ ನೋಡಿದರೆ ಜೇನುಹುಳುಗಳು ಪೆಟ್ಟಿಗೆಯ ಬಾಯಲ್ಲೇ ಗುಂಪುಗೂಡಿ ಕೂತಿದ್ದವು.

'ಪಾಪ, ಹಸಿದಿರಬೇಕು. ನಲವತ್ತನ್ನ ಕೊಂದವಳು ನಾನು... ಒಂದು ತುತ್ತು ಹಾಕಿದ್ರೆ ತಪ್ಪೇನು?'

ಮಾಳಿಗೆಯ ಮೇಲಿಟ್ಟ ಅಗಲವಾದ ಎರಡು ತಟ್ಟೆಗಳಿಗೆ ಅವಳು ಬಾಣಲೆಯ ತಳದಲ್ಲಿ ಮಿಕ್ಕಿದ ಗುಲಾಬಿ ಪಾಕವನ್ನು ನೀರು ಬೆರೆಸಿ ಸುರಿದಳು. ಅವನು ಹೇಳಿಕೊಟ್ಟಂತೆಯೇ ಒಣ ಕಡ್ಡಿ ತೇಲಿಬಿಟ್ಟಳು. ಹತ್ತು ನಿಮಿಷದಲ್ಲಿ ತಟ್ಟೆ ತುಂಬ ಹುಳುಗಳು! ಅವಳಿಗೆ ಮಕ್ಕಳನ್ನು ಸಾಲಾಗಿ ಊಟಕ್ಕೆ ಕೂರಿಸಿದಷ್ಟು ಹಿಗ್ಗು. ಮೋಡ ಸರಿದ ಮೇಲೂ ನಿಲ್ಲಿಸಲಿಲ್ಲ. ಪ್ರತಿ ಮಧ್ಯಾಹ್ನ ಎರಡು ತಟ್ಟೆ, ಮೂರು ವಾರ.

'ಹಬ್ಬದ ದಿನ ನನ್ನ ನಿಜ ಇದೇ. ನಿಮ್ಮ ಮಕ್ಕಳಿಗೆ ನಾನೂ ಉಣಿಸಿದೀನಿ ಅಂತ ಎಲ್ಲರ ಮುಂದೆ ಹೇಳ್ತೀನಿ!'

ಹಬ್ಬಕ್ಕೆ ಐದು ದಿನ ಇರುವಾಗ ಅವನು ಸಂಜೆಯ ಕಾಫಿಗೆ ಬರಲಿಲ್ಲ. ಮರುದಿನವೂ ಇಲ್ಲ. ಮೂರನೆಯ ದಿನ ಅವನ ಕಟ್ಟಡದ ಗೇಟಿಗೆ ಒಂದು ಹಲಗೆ ನೇತುಬಿದ್ದಿತ್ತು. 'ಈ ಹಬ್ಬಕ್ಕೆ ಜೇನು ಇಲ್ಲ. ಕ್ಷಮಿಸಿ.'

ಅಂಗಡಿಯಲ್ಲಿ ಮಾವ ಗಿರಾಕಿಗಳಿಗೆ ಕೇಳುವಂತೆ ಹೇಳುತ್ತಿದ್ದ. "ಕೆಂಪು ಕೆಂಪು ಜೇನಂತೆ! ಸಕ್ಕರೆ, ಬಣ್ಣ ಎರಡೂ ಬೆರೆಸಿ ಸಿಕ್ಕಿಬಿದ್ದಿದಾನೆ. ಇಲ್ಲಾಂದ್ರೆ ಹಬ್ಬದ ಹೊತ್ತಲ್ಲಿ ಯಾರಾದ್ರೂ ಮಾಲು ಇಲ್ಲ ಅಂತಾರಾ?"

"ಮಾವ! ಗೊತ್ತಿಲ್ದೆ ಮಾತಾಡ್ಬೇಡಿ!"

"ಹೋಗಿ ಅವನನ್ನೇ ಕೇಳು."

ಅವಳು ಕೇಳಿಯೇ ಬಿಟ್ಟಳು. ತಾರಸಿಯಲ್ಲಿ ಅವನು ಖಾಲಿ ಬಾಟಲಿಗಳನ್ನು ಪೆಟ್ಟಿಗೆಗೆ ತುಂಬುತ್ತಿದ್ದ. ಕಣ್ಣ ಕೆಳಗೆ ಕಪ್ಪು.

"ಜನ ಏನೇನೋ ಅಂತಿದಾರೆ. ಸುಳ್ಳು ಅಂತ ಹೇಳಿ, ಸಾಕು. ಅಷ್ಟೂ ಜನರ ಬಾಯಿ ಮುಚ್ಚಿಸೋ ಜವಾಬ್ದಾರಿ ನಂದು."

ಅವನು ಅವಳನ್ನು ನೋಡಿದ. ಮತ್ತೊಂದು ಬಾಟಲಿಯನ್ನು ಪೆಟ್ಟಿಗೆಗೆ ಇಳಿಸಿದ.

"ಹಬ್ಬದ ಕೆಲಸ ಬೇಕಾದಷ್ಟಿರುತ್ತೆ. ನೀವು ಹೋಗಿ. ಹಬ್ಬ ಕಳೀತಿದ್ದ ಹಾಗೆ ನಾನು ಪೆಟ್ಟಿಗೆ ತಗೊಂಡು ಬೇರೆ ಕಡೆ ಹೋಗ್ತೀನಿ."

"ಹೋಗ್ತೀರಾ? ಹಾಗಾದ್ರೆ... ಅಜ್ಜಿ ಹತ್ರ ಕೇಳ್ಬೇಕು ಅಂತಿದ್ದ ಮಾತು?"

"ಅದನ್ನ ಈಗ ಕೇಳೋ ಹಾಗಿಲ್ಲ."

ಅವಳ ಕೈ ಸೆರಗಿಗೆ ಹೋಯಿತು. ಆದರೆ ಮೆಣಸಿನಕಾಯಿ ಅಳುವಳೇ? "ಸರಿ. ಸಕ್ಕರೆ ಬೆರೆಸೋ ಕೈಗೆ ನಮ್ಮಜ್ಜಿನೂ ಏನೂ ಕೊಡ್ತಿರಲಿಲ್ಲ!" ಎಂದು ಹೇಳಿ ಧಡಧಡನೆ ಇಳಿದಳು. ಮೂರನೆಯ ಮಹಡಿಯಿಂದ ಎರಡನೆಯದಕ್ಕೆ ಬರುವಷ್ಟರಲ್ಲಿ ಕಣ್ಣೀರು ಕೆನ್ನೆ ದಾಟಿತ್ತು. ಅಂದಿನಿಂದ ತಟ್ಟೆಗಳಿಗೆ ಪಾಕ ಹಾಕುವುದನ್ನೂ ಬಿಟ್ಟಳು.

ಹಬ್ಬದ ಬೆಳಗು ಬಂತು.

ಮನೆ ತುಂಬ ಜನ. ದೊಡ್ಡಪ್ಪ ದೊಡ್ಡಮ್ಮ, ಚಿಕ್ಕಮ್ಮನ ಮಕ್ಕಳು, ಹೊಸ ಬಟ್ಟೆಯ ಸರಬರ, ತಿಕ್ಕಿ ತೊಳೆದ ದೀಪಗಳ ಸಾಲು. ದೇವರ ಕೋಣೆಯಲ್ಲಿ ಹೂವಿನ ಬುಟ್ಟಿಗಳು. ಮುಂದಿನ ಬಾಗಿಲಾಚೆ ಅಂಗಡಿಯ ಎದುರು ಗಿರಾಕಿಗಳ ಸಾಲು ಆಗಲೇ ಬೀದಿಯ ತಿರುವಿನವರೆಗೆ ಬೆಳೆದಿತ್ತು. ಎಲ್ಲವೂ ಇತ್ತು, ಅಜ್ಜಿಯ ಬೆಳ್ಳಿ ಬಟ್ಟಲಿಗೆ ಜೇನು ಮಾತ್ರ ಇರಲಿಲ್ಲ.

ಅಷ್ಟರಲ್ಲಿ ಪಕ್ಕದ ಕಟ್ಟಡದ ಇಸ್ತ್ರಿ ಅಂಗಡಿಯಾಕೆ ಸೆರಗಿನಲ್ಲಿ ಏನನ್ನೋ ಮುಚ್ಚಿಕೊಂಡು ಬಂದಳು.

"ಅಜ್ಜೀ, ನಿಮ್ಮನೇಲಿ ಜೇನಿಲ್ಲದೆ ಹಬ್ಬ ನಿಂತಿದೆ ಅಂತ ಕೇಳ್ದೆ. ಮೊದಲನೇ ಬಾಟಲಿ ಆತ ನನಗೇ ಕೊಟ್ಟಿದ್ದ. ಮಾರನೇ ದಿನ ಓಡಿ ಬಂದು, ಅದು ಜೇನಲ್ಲ, ವಾಪಸ್ ಕೊಡಿ ಅಂದ. ಇಷ್ಟು ಚೆಂದದ ಬಣ್ಣ, ನಾನು ಕೊಡ್ತೀನಾ! ತಗೊಳ್ಳಿ."

ಗುಲಾಬಿ ಬಣ್ಣದ ಜೇನು. ಅಜ್ಜಿ ಅದನ್ನು ಬೆಳಕಿಗೆ ಹಿಡಿದು ನೋಡಿದಳು. "ಕೊಟ್ಟವಳ ಮನಸ್ಸು ಚೆನ್ನಾಗಿದೆ, ಅಷ್ಟು ಸಾಕು," ಎಂದು ದೀಪ ಹಚ್ಚಿ ದೇವರ ಮುಂದಿಟ್ಟು ಕೈಮುಗಿದಳು. ಆಮೇಲೆ ಹಿರಿಯರಿಂದ ಶುರುಮಾಡಿ ಒಬ್ಬೊಬ್ಬರ ಅಂಗೈಗೆ ಚಮಚ ಇಳಿಸಿದಳು.

ದೊಡ್ಡಮ್ಮ, ಕಳೆದ ವರ್ಷ ಅತ್ತಿಗೆಯ ಸೀರೆಯನ್ನು ಉಟ್ಟು ಹರಿದದ್ದು ತಾನೇ ಎಂದಳು. ಚಿಕ್ಕಮ್ಮನ ಮಗಳು, ಹೂಕುಂಡ ಒಡೆದದ್ದು ಬೆಕ್ಕಲ್ಲ ಎಂದಳು. ಮನೆಯೆಲ್ಲ ನಗು.

ಮೆಣಸಿನಕಾಯಿ ಅಂಗೈ ನೆಕ್ಕಿದಳು. ಮರುಕ್ಷಣವೇ ಅವಳ ಮುಖದಿಂದ ನಗು ಇಳಿದುಹೋಯಿತು.

ಗುಲಾಬಿ. ಸಿಪ್ಪೆ ಸಮೇತ ಹುರಿದ ಏಲಕ್ಕಿ. ಪಾಕ ಹರಳುಗಟ್ಟದಿರಲೆಂದು ಹಿಂಡುವ ನಿಂಬೆಯ ಹುಳಿ, ಎರಡೇ ಹನಿ. ಲೋಕದಲ್ಲಿ ಏಲಕ್ಕಿಯನ್ನು ಹಾಗೆ ಹುರಿದು ಹಾಕುವ ಕೈ ಅವಳಿಗೆ ಗೊತ್ತಿದ್ದದ್ದು ಒಂದೇ!

'ಇದು ನನ್ನ ಪಾಕ... ದೇವರೇ! ಹೂವಿಗೆ ಹೋಗ್ಬೇಕಾದ ಹುಳುಗಳಿಗೆ ಸಕ್ಕರೆ ತೋರಿಸಿದವಳು ನಾನು. ಅವು ಅದನ್ನೇ ಹೊತ್ತುಕೊಂಡು ಹೋಗಿ, ರೆಕ್ಕೆ ಬೀಸಿ, ಮುಚ್ಚಳ ಹಾಕಿಟ್ಟವು. ನಾನು ಅವರ ಇಡೀ ವರ್ಷದ ಬೆಳೆ ಕೆಡಿಸಿ, ಮೇಲಿಂದ ಅವರನ್ನೇ ಬೈದು ಬಂದೆ!'

"ನಿನ್ನ ನಿಜ ಏನೇ?" ಎಂದಳು ಅಜ್ಜಿ.

"ಅಜ್ಜೀ... ಜೇನು ಕೆಡಿಸಿದ್ದು ಅವರಲ್ಲ. ನಾನು."

ಎಲ್ಲವನ್ನೂ ಹೇಳಿದಳು. ತಟ್ಟೆ, ಕಡ್ಡಿ, ಮೂರು ವಾರ. ಮಾವ ಹಲ್ಲು ಕಚ್ಚಿ ಪಿಸುಗುಟ್ಟಿದ. "ಮೆಲ್ಲಗೆ! ಹೊರಗೆ ಅಷ್ಟು ಜನ ನಿಂತಿದಾರೆ. ನಮ್ಮ ಅಂಗಡಿ ಪಾಕದಿಂದ ಹೀಗಾಯ್ತು ಅಂತ ಗೊತ್ತಾದ್ರೆ ಹಬ್ಬದ ವ್ಯಾಪಾರ ಮಣ್ಣಾಗುತ್ತೆ. ಆಗಿದ್ದು ಆಗಿಹೋಯ್ತು. ಹೇಗೂ ಅವನು ಹೋಗ್ತಾನಲ್ಲ, ಬಿಟ್ಟುಬಿಡು."

"ಹೋಗ್ತಾನೆ ಅಂತ ನಿಂಗೆ ಯಾರು ಹೇಳಿದ್ರು?" ಅಜ್ಜಿಯ ಚಮಚ ಮಾವನ ಕಡೆ ತಿರುಗಿತು. "ನಿನ್ನ ನಾಲಿಗೆ ಮೇಲೂ ಜೇನಿದೆ ಕಣೋ. ಹೇಳು."

ಮಾವನ ಹಣೆ ಬೆವರಿತು. ಅರವತ್ತಕ್ಕೆ ಬಂದವನಾದರೂ ಅಮ್ಮನ ಮುಂದೆ ಅವನು ಇನ್ನೂ ಚಡ್ಡಿ ಹಾಕಿದ ಹುಡುಗನೇ.

"ಅವನು... ಆರು ದಿನದ ಹಿಂದೆ ನನ್ನ ಹತ್ರ ಬಂದಿದ್ದ. ಮಾಳಿಗೆ ಮೇಲೆ ತಟ್ಟೆ ನೋಡಿದನಂತೆ. ಕಡ್ಡಿ ತೇಲಿಬಿಟ್ಟಿರೋದು ನೋಡಿಯೇ ಇವಳ ಕೆಲಸ ಅಂತ ಗೊತ್ತಾಯ್ತಂತೆ. ಪ್ರೀತಿಯಿಂದ ಮಾಡಿದಾರೆ, ಅವರಿಗೆ ಹೇಳ್ಬೇಡಿ, ನೊಂದ್ಕೋತಾರೆ. ನಿಮ್ಮ ಅಂಗಡಿ ಹೆಸರು ಹೊರಗೆ ಬರದ ಹಾಗೆ ನಾನು ನೋಡ್ಕೋತೀನಿ, ಹಬ್ಬ ಆದ್ಮೇಲೆ ಪೆಟ್ಟಿಗೆ ತಗೊಂಡು ಹೋಗ್ತೀನಿ ಅಂದ."

"ಅಷ್ಟು ಗೊತ್ತಿದ್ದೂ ಅವರನ್ನ ಮೋಸಗಾರ ಅಂತ ಬೀದೀಲಿ ಸಾರಿದ್ರಾ, ಮಾವ?" ಅವಳ ದನಿ ನಡುಗಿತು.

"ನೀನು ಮದುವೆ ಆಗಿ ಹೋದ್ರೆ ಬಾಣಲೆ ಮುಂದೆ ಯಾರೇ ನಿಲ್ತಾರೆ? ನಿನ್ನ ಕೈ ಇಲ್ಲದೆ ಈ ಅಂಗಡಿ ಇದೆಯಾ? ಅದೇ ಭಯ ನಂಗೆ!"

"ಪಕ್ಕದ ಕಟ್ಟಡ, ಮಾವ! ಮೂರು ಮಹಡಿ! ಬೆಳಿಗ್ಗೆ ಇಳಿದು ಬಂದು ಪಾಕ ಹಿಡಿಯೋಕೆ ನಂಗೇನು ವೀಸಾ ಬೇಕಾ?"

ದೊಡ್ಡಪ್ಪ ನಗು ತಡೆಯಲಾಗದೆ ಕೆಮ್ಮಿದ. ಮಾವ ತಲೆ ತಗ್ಗಿಸಿದ. ಅಜ್ಜಿಯ ಕಾನೂನಿನಂತೆ ಯಾರೂ ಅವನನ್ನು ಬೈಯಲಿಲ್ಲ. ಅವನಿಗೆ ಬೈಸಿಕೊಂಡಿದ್ದರೇ ಹಗುರವಾಗುತ್ತಿತ್ತೇನೋ.

ಮೆಣಸಿನಕಾಯಿ ಸೀದಾ ಅಂಗಡಿಯ ಮುಂಭಾಗಕ್ಕೆ ನಡೆದಳು. ಅಂದಂದಿನ ಸಿಹಿಗಳ ಹೆಸರು ಬರೆಯುವ ಕಪ್ಪು ಹಲಗೆಯನ್ನು ಒರೆಸಿ, ಸೀಮೆಸುಣ್ಣದಲ್ಲಿ ದಪ್ಪಕ್ಷರದಲ್ಲಿ ಬರೆದಳು.

'ಪಕ್ಕದ ಮನೆಯ ಜೇನು ಕೆಟ್ಟದ್ದು ನಾನು ಹುಳುಗಳಿಗೆ ಇಟ್ಟ ಪಾಕದಿಂದ. ಜೇನಿನವರು ಏನನ್ನೂ ಬೆರೆಸಿಲ್ಲ. ತಪ್ಪು ನನ್ನದು.'

ಸಾಲಿನಲ್ಲಿ ಗುಸುಗುಸು ಎದ್ದಿತು. ಅವಳು ತಲೆಯೆತ್ತಿಯೇ ನಿಂತಳು.

"ಓದಿ ಆಯ್ತಾ? ಯಾರಿಗೆ ನಮ್ಮ ಸಿಹಿ ಬೇಡವೋ ಅವರು ಈಗ್ಲೇ ಹೋಗಬಹುದು!"

ಒಬ್ಬಿಬ್ಬರು ಹೋದರು ಕೂಡ. ಮುಂದಿದ್ದ ಅಂಚೆಯವರು ಮಾತ್ರ ಚೀಲ ಚಾಚಿ, "ತಪ್ಪನ್ನೂ ಹಲಗೆ ಮೇಲೆ ಬರೆಯೋ ಅಂಗಡಿ ಇನ್ನೆಲ್ಲಿ ಸಿಗುತ್ತಮ್ಮ? ನಂಗೆ ಎರಡು ಡಬ್ಬ," ಎಂದರು. ಮಾವ ಕಣ್ಣೊರೆಸಿಕೊಂಡು ಗಲ್ಲಾಕ್ಕೆ ಬಂದು ಕೂತ. ಹಲಗೆಯನ್ನು ಅವನು ಅಳಿಸಲಿಲ್ಲ.

ಅವಳು ಅಷ್ಟರಲ್ಲಿ ಪಕ್ಕದ ಮೆಟ್ಟಿಲು ಹತ್ತುತ್ತಿದ್ದಳು. ಹೊಸ ಸೀರೆ, ಜೇನು ಅಂಟಿದ ಅಂಗೈ, ಏದುಸಿರು.

ಅವನು ಪೆಟ್ಟಿಗೆಗಳಿಗೆ ಹಗ್ಗ ಬಿಗಿಯುತ್ತಿದ್ದ.

"ಹಗ್ಗ ಬಿಚ್ಚಿ!"

ಅವನು ಬೆಚ್ಚಿ ತಿರುಗಿದ. "ಹಬ್ಬದ ದಿನ ಇಲ್ಲಿಗೆ ಯಾಕೆ..."

"ನಾನು ಅವತ್ತು ಬೈದಾಗ ನೀವು ಒಂದೇ ಒಂದು ಮಾತು ಹೇಳಿದ್ರೆ ಆಗ್ತಿತ್ತಲ್ಲ! ನಿಮ್ಮ ಹೆಸರು ಬೀದಿಪಾಲಾಗೋದನ್ನ ನೋಡ್ತಾ ನಿಂತ್ರಲ್ಲ... ಯಾಕೆ?"

ಅವನು ಹಗ್ಗ ಕೈಬಿಟ್ಟ. "ಮೂರು ವಾರ ನನ್ನ ಹುಳುಗಳಿಗೆ ಊಟ ಇಟ್ಟವರ ಮೇಲೆ ದೂರು ಹೇಳೋದು ಹೇಗೆ? ನಾನೇ ತಪ್ಪು ಮಾಡಿದೆ. ಜೇನು ಹೇಗಾಗುತ್ತೆ ಅಂತ ಅಷ್ಟು ಹೇಳಿದವನು, ಹೂವು ಇದ್ದಾಗ ಸಕ್ಕರೆ ಇಡಬಾರದು ಅನ್ನೋದೊಂದು ಹೇಳ್ಲೇ ಇಲ್ಲ. ಮೋಸಗಾರ ಅನ್ನಿಸ್ಕೊಂಡವನು ನಿಮ್ಮನ್ನ ಯಾವ ಮುಖ ಇಟ್ಕೊಂಡು ಕೇಳ್ಲಿ?"

"ಕೆಳಗೆ ಹೋಗಿ ಹಲಗೆ ಓದಿ. ಈಗ ತಪ್ಪುಗಾರ್ತಿ ನಾನು. ಇಡೀ ಬೀದಿಗೆ ಗೊತ್ತು."

"ಅಂಗಡಿ ಮುಂದೆ? ಹಬ್ಬದ ದಿನ?" ಅವನು ಅವಳತ್ತ ಒಂದು ಹೆಜ್ಜೆ ಇಟ್ಟ. "ಇಷ್ಟು ಧೈರ್ಯ..."

"ಸುಮ್ನೆ ಮೆಣಸಿನಕಾಯಿ ಅಂತ ಕರೀತಾರಾ?" ಎಂದು ಹೇಳುತ್ತಲೇ ಅವಳು ಅತ್ತುಬಿಟ್ಟಳು. "ಕ್ಷಮಿಸಿ... ನಿಮ್ಮ ಹುಳುಗಳು ಇಡೀ ವರ್ಷ ದುಡಿದದ್ದು..."

"ಅದೇನೂ ದಂಡ ಆಗಲ್ಲ. ಹೂವಿಲ್ಲದ ತಿಂಗಳಿಗೆ ಅವಕ್ಕೇ ವಾಪಸ್ ಹಾಕ್ತೀನಿ. ತಿಂದು ಬದುಕ್ಕೋತವೆ." ಅವನು ಬಗ್ಗಿ, ಬಟ್ಟೆ ಸುತ್ತಿಟ್ಟಿದ್ದ ಸಣ್ಣ ಡಬ್ಬಿಯೊಂದನ್ನು ತೆಗೆದ. ಒಳಗೆ ಗೂಡಿನಿಂದ ಕೊಯ್ದ ಅಂಗೈಯಗಲದ ಜೇನಿನ ಎರಿ, ಬಿಳಿ ಮೇಣದ ಮುಚ್ಚಳದ ಕೆಳಗೆ ಹೊಂಬಣ್ಣ. "ನಿಮ್ಮ ತಟ್ಟೆಗಿಂತ ಮೊದಲೇ ಮುಚ್ಚಳ ಬಿದ್ದಿದ್ದು ಇದೊಂದೇ ತುಂಡು. ಅಜ್ಜಿಗೆ ಅಂತ ಎತ್ತಿಟ್ಟಿದ್ದೆ. ಹೋಗುವಾಗ ಬಾಗಿಲಲ್ಲಿ ಇಟ್ಟು ಹೋಗೋಣ ಅಂತ."

ಅವಳು ಕಣ್ಣೊರೆಸಿಕೊಂಡಳು. ಎರಿಯಿಂದ ಒಂದು ಹನಿ ತೆಗೆದು ಹೆಬ್ಬೆರಳು ತೋರುಬೆರಳ ನಡುವೆ ಒತ್ತಿ ಬಿಡಿಸಿದಳು. ಎಳೆ ನಿಂತಿತು. ಆ ಬೆರಳನ್ನೇ ಅವನ ತುಟಿಯ ಹತ್ತಿರ ಹಿಡಿದಳು.

"ತಗೊಳ್ಳಿ. ನಮ್ಮನೆ ಕಾನೂನು ಗೊತ್ತಲ್ಲ? ಬಚ್ಚಿಟ್ಟ ಒಂದು ನಿಜ ಹೇಳ್ಬೇಕು."

ಅವನು ಜೇನು ಸವಿದ.

"ಮೊದಲ ದಿನ ನಿಮ್ಮ ಕೂದಲಲ್ಲಿದ್ದ ಹುಳು ತಾನಾಗೇ ಬಿಡಿಸ್ಕೋತಿತ್ತು. ನಾನು ಹತ್ತಿರ ಬರೋ ಅಗತ್ಯವೇ ಇರಲಿಲ್ಲ."

"ಕಳ್ಳ ಹೊಗೆರಾಯ!" ಅವಳು ಅಳುನಗುವಿನ ನಡುವೆ ಅವನ ತೋಳಿಗೆ ಗುದ್ದಿದಳು.

"ಈಗ ನಿನ್ನ ಸರದಿ," ಎಂದ ಅವನು, ಮೊದಲ ಸಲ ಏಕವಚನದಲ್ಲಿ. "ನೀನೂ ಒಂದು ನಿಜ ಹೇಳು."

"ಅದರ ಮರುದಿನ ಎರಡನೇ ಸಲ ಸೌಟು ಹಿಡ್ಕೊಂಡು ಬಂದು ಜಗಳ ಮುಗಿಸ್ಬೇಕು ಅಂತಿದ್ದೆ. ನೀವು ಮೊದಲೇ ಬಲೆ ತಂದುಬಿಟ್ರಿ. ತುಂಬಾ ಬೇಜಾರಾಯ್ತು."

"ಮುಗಿಸೋದು ಬೇಡ. ಆ ಜಗಳ ನಂಗೆ ಜೀವನ ಪೂರ್ತಿ ಬೇಕು."

ಕೆಳಗಿನಿಂದ ಅಜ್ಜಿಯ ದನಿ ಕೇಳಿಸಿತು. "ಏನ್ರೋ, ಇನ್ನೂ ಎಷ್ಟು ನಿಜ ಹೇಳ್ತೀರಾ? ದೀಪದ ಎಣ್ಣೆ ಮುಗೀತಾ ಬಂತು! ಅಷ್ಟು ದಿನದಿಂದ ಒಂದು ಮಾತು ಕೇಳ್ಬೇಕು ಅಂತಿದ್ದೆಯಲ್ಲಪ್ಪ, ಬಂದು ಕೇಳಿಬಿಡು!"

ಅವನು ಡಬ್ಬಿಯನ್ನು ಎದೆಗೊತ್ತಿಕೊಂಡ.

"ಅಜ್ಜಿ ಏನಂತಾರೋ..."

"ನಾನಿದೀನಲ್ಲ," ಎಂದು ಅವಳು ತನ್ನ ಅಂಟಂಟು ಅಂಗೈಯನ್ನು ಅವನ ಅಂಗೈಗೆ ಸೇರಿಸಿದಳು. "ಬನ್ನಿ."